ಮೂರನೇ ಕುಂಡದ ಹದಿನೇಳು

ಮೇಷ್ಟ್ರ ಬಾಳು ಮಣ್ಣುಗೂಡುವುದಕ್ಕೆ ಕಾರಣವಾದದ್ದು ಬೆರಳುದ್ದದ ಒಂದು ಸೋಪಿನ ಚೂರು. ಅದೂ ಅವರ ಮನೆಯದಲ್ಲ, ಕೆಳಮನೆಯದು. ನೆಲಮಹಡಿಯಲ್ಲಿದ್ದ ನಿವೃತ್ತ ಪೋಸ್ಟ್‌ಮ್ಯಾನ್ ತಾತ ಕಳೆದ ಸೋಮವಾರ ಬೆಳಿಗ್ಗೆ ಸ್ನಾನಕ್ಕೆ ಹೋದವರು ಆ ಚೂರಿನ ಮೇಲೆ ಕಾಲಿಟ್ಟು ಜಾರಿದರು. ಮೂಳೆ ಮುರಿಯಲಿಲ್ಲ, ಕಾಲು ಉಳುಕಿತು, ಅಷ್ಟೆ. ಡಾಕ್ಟರು ಬಟ್ಟೆ ಸುತ್ತಿ, ಒಂದು ವಾರ ಹೊಸ್ತಿಲು ದಾಟಬೇಡಿ ಎಂದರು. ಕಟ್ಟಡದ ಆರೂ ಮನೆಯವರು ಸರತಿಯಲ್ಲಿ ಹೋಗಿ ನೋಡಿ ಅಯ್ಯೋ ಪಾಪ ಎಂದು ಬಂದರು. ಮೇಷ್ಟ್ರೂ ನಾಲ್ಕು ಬಾಳೆಹಣ್ಣು ಹಿಡಿದುಕೊಂಡು ಹೋಗಿ ಅಯ್ಯೋ ಪಾಪ ಎಂದರು. ಆ ಮಾತನ್ನು ಕನ್ನಡಿಯ ಮುಂದೆ ನಿಂತು ತಮಗೇ ಹೇಳಿಕೊಳ್ಳಬೇಕಾಗಿತ್ತೆಂದು ಅವರಿಗೆ ಗೊತ್ತಾದದ್ದು ಮುಂದಿನ ಸೋಮವಾರ.

ಮೇಷ್ಟ್ರೆಂದರೆ ಎರಡನೇ ಮಹಡಿಯ ವಿಜ್ಞಾನದ ಮೇಷ್ಟ್ರು. ಹೈಸ್ಕೂಲಿನಲ್ಲಿ ಹದಿನಾಲ್ಕು ವರ್ಷದಿಂದ ಹಂಗಾಮಿ. ಪರೀಕ್ಷೆಯ ಕಾವಲಿಗೆ ಅವರು ಬೇಕು, ಸೀಮೆಸುಣ್ಣ ಮುಗಿದರೆ ತರುವುದಕ್ಕೆ ಅವರು ಬೇಕು, ಬೇರೆಯವರು ರಜೆ ಹಾಕಿದರೆ ಆ ತರಗತಿಗೂ ಅವರೇ ಬೇಕು. ಹಾಜರಿ ಪುಸ್ತಕದಲ್ಲಿ ಮಾತ್ರ ಅವರ ಹೆಸರು ಕೊನೆಯ ಪುಟದಲ್ಲಿ, ಪೆನ್ಸಿಲ್ಲಿನಲ್ಲಿ. ಆಟಕ್ಕುಂಟು, ಲೆಕ್ಕಕ್ಕಿಲ್ಲ. ಎರಡು ವರ್ಷದ ಹಿಂದೆ ಹೆಡ್‌ಮಿಸ್ಟ್ರೆಸ್ ಅವರನ್ನು ಕರೆದು, "ನಿಮ್ಮನ್ನ ಖಾಯಂ ಮಾಡೋಕೆ ನಂದೇನೂ ಅಡ್ಡಿ ಇಲ್ಲ ಮೇಷ್ಟ್ರೇ, ಒಂದು ಎಂ.ಎಸ್ಸಿ. ಮಾಡ್ಕೊಂಡ್ಬಿಡಿ" ಎಂದರು, ಹೋಗುತ್ತಾ ಒಂದು ಬೆಂಕಿಪೊಟ್ಟಣ ತನ್ನಿ ಎನ್ನುವ ಹಾಗೆ.

ನಲವತ್ತೊಂದನೆಯ ವಯಸ್ಸಿನಲ್ಲಿ ಮೇಷ್ಟ್ರು ಮತ್ತೆ ಬೆಂಚಿನ ಮೇಲೆ ಕೂತರು. ಪ್ರಾಣಿಶಾಸ್ತ್ರದಲ್ಲಿ ಸೀಟಿರಲಿಲ್ಲ, ಸಸ್ಯಶಾಸ್ತ್ರದಲ್ಲಿ ಇರಲಿಲ್ಲ, ಯಾರೂ ಕೇಳದೆ ಖಾಲಿ ಉಳಿದದ್ದು ಸಮಗ್ರ ಜೀವಶಾಸ್ತ್ರ ಒಂದೇ. ಮೊದಲ ದಿನವೇ ಗೈಡ್ ಮೇಡಂ ಅದರ ಅರ್ಥ ಹೇಳಿದರು. "ಜೀವಿಯನ್ನ ತುಂಡು ತುಂಡಾಗಿ ಓದಬಾರದು. ಅದರ ಮೈ, ನಡತೆ, ಅದು ಇರೋ ಮಣ್ಣು, ಗಾಳಿ, ಅದರ ನೆರೆಹೊರೆ, ಎಲ್ಲಾನೂ ಒಟ್ಟಿಗಿಟ್ಟು ನೋಡಬೇಕು." ಮೇಷ್ಟ್ರು ಮನೆಗೆ ಬಂದು ಇದನ್ನು ಹೆಂಡತಿಗೆ ಹೇಳಿದರು. "ಗೊತ್ತಾಯ್ತು ಬಿಡಿ, ಒಂದನ್ನೂ ಪೂರ್ತಿ ಓದೋಕಾಗ್ದೇ ಇರೋರಿಗೆ ಮಾಡಿರೋ ಕೋರ್ಸು" ಎಂದು ಅವಳು ಒಗೆದ ಬಟ್ಟೆ ಮಡಿಸತೊಡಗಿದಳು. ತರಗತಿಯಲ್ಲಿ ಎಲ್ಲರೂ ಅವರನ್ನು ಅಂಕಲ್ ಎನ್ನುತ್ತಿದ್ದರು. ಇಬ್ಬರು ಅವರದೇ ಹಳೆಯ ವಿದ್ಯಾರ್ಥಿನಿಯರು. ಅವರು ಮಾತ್ರ ಮರ್ಯಾದೆಯಿಂದ ಸಾರ್ ಎಂದು ಕರೆದು ಅವರ ನೋಟ್ಸ್ ಎತ್ತಿಕೊಂಡು ಹೋಗುತ್ತಿದ್ದರು.

ಸಂಶೋಧನೆಗೆ ಅವರು ಆರಿಸಿಕೊಂಡದ್ದು ಬಸವನಹುಳುವನ್ನು. ಲ್ಯಾಬ್ ಬೇಡ, ಯಂತ್ರ ಬೇಡ, ಹುಳ ಓಡಿಹೋಗುವ ಭಯವಂತೂ ಇಲ್ಲವೇ ಇಲ್ಲ. ಕಟ್ಟಡದ ಮೆಟ್ಟಿಲ ಕೆಳಗೆ ಎಂಟು ಹೂಕುಂಡಗಳಿದ್ದವು. ಅವುಗಳಲ್ಲಿ ವಾಸವಾಗಿದ್ದ ನಲವತ್ತು ಹುಳಗಳನ್ನು ಮೇಷ್ಟ್ರು ಹಿಡಿದು, ಚಿಪ್ಪು ಒರೆಸಿ, ಬಿಳಿ ನೇಲ್ ಪಾಲಿಶ್‌ನಲ್ಲಿ ನಂಬರ್ ಬರೆದರು. ಮೊದಲು ಕುಂಡದ ಸಂಖ್ಯೆ, ಒಂದು ಓರೆಗೀಟು, ಆಮೇಲೆ ಹುಳದ ಸಂಖ್ಯೆ. ನೇಲ್ ಪಾಲಿಶ್ ಕೊಟ್ಟವಳು ಮೊದಲ ಮಹಡಿಯ ಬ್ಯೂಟಿ ಪಾರ್ಲರ್ ಅಕ್ಕ. ಅವತ್ತಿನಿಂದ ಬೀದಿಯಲ್ಲಿ ಅವರಿಗೆ ಬಸವನಹುಳು ಮೇಷ್ಟ್ರು ಎಂಬ ಹೆಸರು ಖಾಯಮ್ಮಾಯಿತು. ಅವರ ಬಾಳಿನಲ್ಲಿ ಖಾಯಮ್ಮಾದದ್ದು ಅದೊಂದೇ.

ಕೆಲಸ ಸರಳ. ಶನಿವಾರ ಸಂಜೆ ಐದಾರು ಹುಳಗಳನ್ನು ಬೀದಿಯ ತುದಿಯ ಪಾರ್ಕಿಗೆ ಒಯ್ದು ಕಲ್ಲುಬೆಂಚಿನ ಕೆಳಗೆ ಬಿಡುವುದು, ಮುಂದಿನ ಶನಿವಾರ ಕುಂಡಗಳಲ್ಲಿ ಎಣಿಸುವುದು. ನಡುವೆ ಇಣುಕಿ ನೋಡಿ ಹುಳಗಳ ಮನಸ್ಸು ಕೆಡಿಸಬಾರದೆಂದು ಗೈಡ್ ಮೇಡಂ ಆಜ್ಞೆ. ಮೇಷ್ಟ್ರು ಓದಿದ ಪುಸ್ತಕಗಳಲ್ಲಿ ಬಸವನಹುಳು ಇಪ್ಪತ್ತು ಮೂವತ್ತು ಹೆಜ್ಜೆ ದೂರದಿಂದ ಮನೆಗೆ ಮರಳಿದ್ದೇ ದೊಡ್ಡ ಸುದ್ದಿ. ಮೇಷ್ಟ್ರ ಹುಳಗಳು ಇನ್ನೂರು ಹೆಜ್ಜೆಯಿಂದ ಮರಳಿದವು. ಮರಳಿ ಸಿಕ್ಕಿದ ಕುಂಡಕ್ಕೆ ನುಗ್ಗಲಿಲ್ಲ, ತಂತಮ್ಮ ಕುಂಡಕ್ಕೇ ಬಂದವು. ಅದರಲ್ಲೂ ಮೂರನೇ ಕುಂಡದ ಹದಿನೇಳು ಎಲ್ಲರಿಗಿಂತ ಮುಂದು. ಹನ್ನೊಂದು ಸಲ ಬಿಟ್ಟರೆ ಹನ್ನೊಂದು ಸಲವೂ ಹಾಜರ್.

"ಪ್ರಪಂಚದಲ್ಲೇ ಯಾರೂ ಕಂಡಿಲ್ಲ ರೀ ಇದನ್ನ!" ಎಂದು ಗೈಡ್ ಮೇಡಂ ಕುರ್ಚಿಯಿಂದ ಎದ್ದು ನಿಂತರು. ಹದಿನಾಲ್ಕು ವರ್ಷದಲ್ಲಿ ಮೇಷ್ಟ್ರ ಮುಂದೆ ಯಾರೂ ಹಾಗೆ ಎದ್ದು ನಿಂತಿರಲಿಲ್ಲ. ಆ ಸಂತೋಷದಲ್ಲಿ ಅವರು ನೂರ ಅರವತ್ತು ಪುಟ ಬರೆದರು. ಲೋಳೆಯ ವಾಸನೆ, ಮಣ್ಣಿನ ತೇವ, ಬೀದಿದೀಪದ ಬೆಳಕು, ಚಿಪ್ಪಿನ ತೂಕ, ಒಂದನ್ನೂ ಬಿಡಲಿಲ್ಲ.

ಆಮೇಲೆ ಬಂದರು ಹೊರ ಪರೀಕ್ಷಕರು. ಗಡಿಯಾರ ಹತ್ತು ಹೊಡೆದರೆ ಇನ್ನೊಂದು ಗಡಿಯಾರವನ್ನು ಕೇಳುವ ಆಸಾಮಿ. ತಾತ ಸೋಪಿನ ಮೇಲೆ ಕಾಲಿಟ್ಟ ಅದೇ ಸೋಮವಾರ ಸಂಜೆ ಬಂದು, ಮೇಷ್ಟ್ರು ಮೇಲೆ ಹೋಗಿ ಕಾಫಿ ತರುವಷ್ಟರಲ್ಲಿ ಕುಂಡಗಳನ್ನೆಲ್ಲ ತಡಕಿ ನೋಡಿ, ಹದಿನೇಳನ್ನು ತಾವೇ ಎತ್ತಿ, ತಾವೇ ಪಾರ್ಕಿಗೆ ಒಯ್ದು ಬಿಟ್ಟರು. "ಮುಂದಿನ ಸೋಮವಾರ ಹನ್ನೊಂದು ಗಂಟೆಗೆ ಬರ್ತೀನಿ. ಬಂದಿದ್ರೆ ಅಲ್ಲೇ ಸಹಿ ಹಾಕ್ತೀನಿ. ಬರದಿದ್ರೆ ಮಾತಾಡೋಣ" ಎಂದು ಅಡ್ಡಗೋಡೆಯ ಮೇಲೆ ದೀಪವಿಟ್ಟು ಹೋದರು.

ಹೆಡ್‌ಮಿಸ್ಟ್ರೆಸ್ ಅಷ್ಟೂ ದೀಪ ಇಟ್ಟಿರಲಿಲ್ಲ. ತಿಂಗಳ ಕೊನೆಯೊಳಗೆ ಡಿಗ್ರಿಯ ಕಾಗದ ಮೇಜಿನ ಮೇಲಿರಬೇಕು. ಇಲ್ಲದಿದ್ದರೆ ಆ ಜಾಗಕ್ಕೆ ಅವರ ತಂಗಿಯ ಮಗ ತಯಾರಾಗಿ ಕೂತಿದ್ದ. ತಿಂಗಳ ಕೊನೆಗೆ ಉಳಿದದ್ದು ನಾಲ್ಕು ದಿನ.

ಸೋಮವಾರ ಬೆಳಿಗ್ಗೆ ಆರಕ್ಕೆ ಮೇಷ್ಟ್ರು ಮೆಟ್ಟಿಲ ಕೆಳಗೆ ಬಗ್ಗಿದರು. ಮೂರನೇ ಕುಂಡದಲ್ಲಿ ಹದಿನೈದು ಇತ್ತು, ಹದಿನಾರು ಇತ್ತು, ಹದಿನೆಂಟು ಎಲೆಯ ಮೇಲೆ ಮಲಗಿತ್ತು. ಹದಿನೇಳಿರಲಿಲ್ಲ. ಕುಂಡದ ಅಂಚಿನ ಮೇಲೆ ನಂಬರಿಲ್ಲದ ಒಂದು ಎಳೆಯ ಹುಳ ಕೂತಿತ್ತು. ಮೇಷ್ಟ್ರ ಕನ್ನಡಕ ಮೇಲೆ ಮನೆಯಲ್ಲಿತ್ತು. ನಂಬರ್ ಇದೆಯೋ ಇಲ್ಲವೋ ಅಷ್ಟನ್ನೇ ನೋಡಿ, "ಲೆಕ್ಕಕ್ಕಿಲ್ಲದ್ದು" ಎಂದು ಅದನ್ನು ಎತ್ತಿ ಎದುರುಗೋಡೆಯ ಬುಡಕ್ಕೆ ಇಟ್ಟರು. ಎಂಟೂ ಕುಂಡಗಳನ್ನು ಜಾಲಾಡಿ ಮತ್ತೆ ಮೂರಕ್ಕೆ ಬರುವಷ್ಟರಲ್ಲಿ ಒಂದು ಗಂಟೆ ಕಳೆದಿತ್ತು. ಆ ಎಳೆಯದು ಮತ್ತೆ ಅದೇ ಅಂಚಿನಲ್ಲಿತ್ತು. "ಹೋಗತ್ಲಾಗೆ, ನಿಂದೊಂದು ಕಾಟ" ಎಂದು ಈ ಸಲ ಗೇಟಿನ ಹತ್ತಿರ ಇಟ್ಟು ಬಂದರು.

ಅಷ್ಟರಲ್ಲಿ ಸೆಕ್ರೆಟರಿ ಎದ್ದರು. ಕಟ್ಟಡದ ಸಂಘಕ್ಕೆ ಅವರೇ ಸೆಕ್ರೆಟರಿ, ಅವರೇ ಸಂಘ. ನೀರಿನ ಟ್ಯಾಂಕಿನಿಂದ ಹಿಡಿದು ಚಪ್ಪಲಿಯವರೆಗೆ ಪ್ರತಿಯೊಂದಕ್ಕೂ ನೋಟೀಸು ಅಂಟಿಸುವುದು ಅವರ ಬಾಳಿನ ಗುರಿ.

"ಏನ್ ಮೇಷ್ಟ್ರೇ, ಬೆಳಬೆಳಗ್ಗೆ ಮೆಟ್ಟಿಲ ಕೆಳಗೆ?"

"ಹದಿನೇಳು ಬಂದಿಲ್ಲ ಸಾರ್" ಎಂದರು ಮೇಷ್ಟ್ರು. "ಹನ್ನೊಂದಕ್ಕೆ ಪರೀಕ್ಷಕರು ಬರ್ತಾರೆ."

ಹತ್ತು ನಿಮಿಷದಲ್ಲಿ ಗೇಟಿಗೆ ನೋಟೀಸು ಬಿತ್ತು. "ಕಾಣೆಯಾಗಿದೆ. ಬಣ್ಣ ಕಂದು. ನಡಿಗೆ ನಿಧಾನ. ಸ್ವಭಾವ ಸಾಧು. ಬೆನ್ನ ಮೇಲೆ ಮೂರು ಓರೆಗೀಟು ಹದಿನೇಳು ಎಂದು ಬರೆದಿದೆ. ಕಂಡವರು ಕಾರ್ಯದರ್ಶಿಗೆ ತಿಳಿಸಿ. ತುಳಿಯಬೇಡಿ." ಬೀದಿಯಲ್ಲಿ ಹೋಗುವವರೆಲ್ಲ ನಿಂತು ಓದಿದರು. ಒಬ್ಬರು ಕೊನೆಯ ಸಾಲು ಓದಿ, ಗಾಬರಿಯಿಂದ ತಮ್ಮ ಚಪ್ಪಲಿ ತಿರುವಿ ನೋಡಿಕೊಂಡರು.

ಪಾರ್ಲರ್ ಅಕ್ಕ ತಲೆಗೆ ಟವಲ್ ಸುತ್ತಿಕೊಂಡೇ ಇಳಿದು ಬಂದಳು. "ಇಷ್ಟಕ್ಕೆ ಇಷ್ಟೊಂದಾ? ಒಂದು ಹುಳ ಹಿಡ್ಕೊಂಡು ಬನ್ನಿ ಮೇಷ್ಟ್ರೇ, ಎರಡೇ ನಿಮಿಷದಲ್ಲಿ ಹದಿನೇಳು ಮಾಡಿಕೊಡ್ತೀನಿ. ಅರವತ್ತರ ಹೆಂಗಸರನ್ನ ಮೂವತ್ತು ಮಾಡಿ ಕಳಿಸಿದ್ದೀನಿ, ಇದ್ಯಾವ ಮಹಾ!"

"ಮಾಡ್ಬಿಡಿ ಮೇಷ್ಟ್ರೇ" ಎಂದರು ಸೆಕ್ರೆಟರಿ. "ಹುಳಕ್ಕೇನು ಆಧಾರ್ ಕಾರ್ಡ್ ಇದೆಯಾ?"

ಮೇಷ್ಟ್ರ ಹೆಂಡತಿ ಮೆಟ್ಟಿಲ ಮೇಲೆ ನಿಂತು ಕೇಳುತ್ತಿದ್ದಳು. ಮೇಷ್ಟ್ರು ಒಂದು ಕ್ಷಣ ಮೂವರನ್ನೂ ನೋಡಿದರು. ಆಸೆ ಆಗಲಿಲ್ಲವೆಂದರೆ ಸುಳ್ಳಾಗುತ್ತದೆ. ನಾಲಗೆಯ ತುದಿಯವರೆಗೂ ಹೂಂ ಬಂದಿತ್ತು.

"ಬೇಡ" ಎಂದರು ಕೊನೆಗೆ. "ಹದಿನಾಲ್ಕು ವರ್ಷ ಪರೀಕ್ಷೆ ಹಾಲ್‌ನಲ್ಲಿ ನಿಂತು ಕಾಪಿ ಹೊಡೀಬೇಡಿ ಅಂತ ಮಕ್ಕಳ ಮೇಲೆ ಕಿರುಚಿದ್ದೀನಿ. ಈಗ ನಾನೇ ಹೊಡೆದ್ರೆ ಯಾವ ಮುಖ ಇಟ್ಕೊಂಡು ಖಾಯಂ ಆಗ್ಲಿ? ಅದು ದಾರೀಲಿ ಇರತ್ತೆ. ನಾನು ಹುಡುಕ್ತೀನಿ."

ಹೀಗೆ ಹೇಳಿ ಗೇಟು ದಾಟಿ ಹೊರಟರು. ಆ ಮಾತು ಮೂವರಿಗೂ ತಾಕಿತು. ಇಷ್ಟು ಒಳ್ಳೆಯ ಮನುಷ್ಯನಿಗೆ ಹೇಗಾದರೂ ಸಹಾಯ ಮಾಡಲೇಬೇಕೆಂದು ಮೂವರೂ ಬೇರೆ ಬೇರೆಯಾಗಿ ತೀರ್ಮಾನಿಸಿಬಿಟ್ಟರು. ನೆಲಮಹಡಿಯ ಕಿಟಕಿಯಲ್ಲಿ ಇದನ್ನೆಲ್ಲ ಕೇಳುತ್ತಿದ್ದ ಪೋಸ್ಟ್‌ಮ್ಯಾನ್ ತಾತನ ಮುಖ ಮಾತ್ರ ಸಪ್ಪಗಾಯಿತು. ಅವರು ಕೋಲಿಗಾಗಿ ತಡಕಾಡಿದರು.

ಮೇಷ್ಟ್ರು ಬೀದಿಯ ಅಂಚಿನಲ್ಲಿ ಮೊಣಕಾಲೂರಿ ಚರಂಡಿಯ ಕಲ್ಲುಗಳ ಸಂದಿಯನ್ನು ಒಂದೊಂದಾಗಿ ನೋಡುತ್ತಾ ಹೋದರು. ಬೆನ್ನ ಹಿಂದೆ ಯಾರು ಹೋದರು, ಯಾರು ಬಂದರು ಎಂಬುದು ಅವರಿಗೆ ಗೊತ್ತಾಗಲಿಲ್ಲ. ಹುಳ ಎಲ್ಲಿಯವರೆಗೆ ಬಂದಿರಬಹುದೆಂದು ಬಾಯಲ್ಲೇ ಲೆಕ್ಕ ಹಾಕಿಕೊಂಡರು. ಕಲ್ಲುಬೆಂಚಿನ ತನಕ ಹೋಗಿ ನೋಡುವ ಯೋಚನೆ ಅವರಿಗೆ ಬರಲಿಲ್ಲ. ಏಳು ದಿನದ ಹಿಂದೆ ಹೊರಟದ್ದು ಇನ್ನೂ ಅಲ್ಲೇಕೆ ಕೂತಿರುತ್ತದೆ? ಹೀಗೆ ಅರ್ಧ ಬೀದಿ ಸವೆಸುವಷ್ಟರಲ್ಲಿ ಕಣ್ಣ ಮುಂದೆ ಒಂದು ಜೊತೆ ಕಪ್ಪು ಷೂ, ಅದರ ಪಕ್ಕದಲ್ಲಿ ಹೆಂಗಸಿನ ಚಪ್ಪಲಿ ಬಂದು ನಿಂತವು. ತಲೆ ಎತ್ತಿದರೆ ಹೆಡ್‌ಮಿಸ್ಟ್ರೆಸ್, ಪಕ್ಕದಲ್ಲಿ ತಂಗಿಯ ಮಗ. ಅವನಿಗೆ ಶಾಲೆಯ ದಾರಿ ತೋರಿಸಲು ಕರೆದುಕೊಂಡು ಹೊರಟಿದ್ದರು.

"ಏನ್ ಕಳ್ಕೊಂಡ್ರಿ ಮೇಷ್ಟ್ರೇ?"

"ಹದಿನೇಳು ಮೇಡಂ" ಎಂದರು ಮೇಷ್ಟ್ರು, ನಾಲ್ಕು ಕಾಲಿನ ಮೇಲಿದ್ದಂತೆಯೇ.

"ಹದಿನೇಳು ಏನು?"

"ಮೂರನೇ ಕುಂಡದ್ದು."

ಹೆಡ್‌ಮಿಸ್ಟ್ರೆಸ್ ತಂಗಿಯ ಮಗನ ಮುಖ ನೋಡಿದರು. ಅವನು ಆಕಾಶ ನೋಡಿದ. "ನಾಲ್ಕು ದಿನ ಇದೆ, ನೆನಪಿರಲಿ. ಆರೋಗ್ಯ ನೋಡ್ಕೊಳ್ಳಿ" ಎಂದು ಹೆಡ್‌ಮಿಸ್ಟ್ರೆಸ್ ಮುಂದೆ ನಡೆದರು. ಹತ್ತು ಹೆಜ್ಜೆ ಹೋದಮೇಲೆ ತಂಗಿಯ ಮಗ ಕೇಳಿದ್ದು ಮೇಷ್ಟ್ರಿಗೂ ಕೇಳಿಸಿತು. "ದೊಡ್ಡಮ್ಮ, ಇವರು ಮೊದಲಿಂದಲೂ ಹೀಗೇನಾ?"

ಹತ್ತೂಮುಕ್ಕಾಲಿಗೆ ಮೇಷ್ಟ್ರು ಬರಿಗೈಯಲ್ಲಿ ತಿರುಗಿದರು. ಪ್ಯಾಂಟಿನ ಮೊಣಕಾಲು ಹರಿದಿತ್ತು. ನೆಲಮಹಡಿಯ ಬಾಗಿಲು ತೆರೆದಿದ್ದು ತಾತನ ಕುರ್ಚಿ ಖಾಲಿ ಇದ್ದದ್ದು ಕಂಡಿತು, ಆದರೆ ಅದರ ಬಗ್ಗೆ ಯೋಚಿಸುವ ಸ್ಥಿತಿಯಲ್ಲಿ ಅವರಿರಲಿಲ್ಲ. ಮೆಟ್ಟಿಲ ಹತ್ತಿರ ಸೆಕ್ರೆಟರಿ, ಪಾರ್ಲರ್ ಅಕ್ಕ, ಹೆಂಡತಿ ಮೂವರೂ ನಿಂತಿದ್ದರು. ಮೂವರೂ ಅವರನ್ನು ನೋಡಿ ಧೈರ್ಯವಾಗಿರಿ ಎಂಬಂತೆ ತಲೆಯಾಡಿಸಿದರು. ಉಳಿದಿಬ್ಬರು ಏಕೆ ತಲೆಯಾಡಿಸುತ್ತಿದ್ದಾರೆಂದು ಮೂವರಲ್ಲಿ ಯಾರಿಗೂ ಗೊತ್ತಿರಲಿಲ್ಲ.

ಕಾರು ಸರಿಯಾಗಿ ಹನ್ನೊಂದಕ್ಕೆ ಬಂತು. ಗೈಡ್ ಮೇಡಂ ಹೊಸ ಸೀರೆಯಲ್ಲಿ ಇಳಿದರು, ಪರೀಕ್ಷಕರು ಹಳೆಯ ಅನುಮಾನದಲ್ಲಿ ಇಳಿದರು. ಕುಂಡದ ಮುಂದೆ ಕುಕ್ಕರಗಾಲಲ್ಲಿ ಕೂತು ಜೇಬಿನಿಂದ ಭೂತಗನ್ನಡಿ ತೆಗೆದರು. ಮೇಷ್ಟ್ರು ಬಾಯಿ ತೆರೆದರು. ಬಂದಿಲ್ಲ ಸಾರ್ ಎಂದು ತಾವೇ ಹೇಳಿಬಿಡಬೇಕೆಂದು ನಿಶ್ಚಯ ಮಾಡಿಕೊಂಡಿದ್ದರು.

"ಇದೆಯಲ್ಲ!" ಎಂದರು ಪರೀಕ್ಷಕರು.

ಎಲೆಯ ಬುಡದಿಂದ ಅವರು ಎತ್ತಿದ ಹುಳದ ಬೆನ್ನ ಮೇಲೆ ಮೂರು, ಓರೆಗೀಟು, ಹದಿನೇಳು ಮುತ್ತಿನಂತೆ ಹೊಳೆಯುತ್ತಿತ್ತು. ಮೇಷ್ಟ್ರ ಕಣ್ಣು ತುಂಬಿತು. ಗೈಡ್ ಮೇಡಂ ಚಪ್ಪಾಳೆ ತಟ್ಟಿದರು. ಹದಿನಾಲ್ಕು ವರ್ಷದ ಪೆನ್ಸಿಲ್ ಅಕ್ಷರ ಅಳಿಸಿ ಯಾರೋ ಶಾಯಿಯಲ್ಲಿ ಬರೆಯುತ್ತಿರುವಂತೆ ಮೇಷ್ಟ್ರಿಗೆ ಅನಿಸಿತು.

"ಸ್ವಲ್ಪ ಚಿಕ್ಕದಾಗಿದೆ" ಎಂದರು ಪರೀಕ್ಷಕರು.

"ಅಷ್ಟು ದೂರ ನಡ್ಕೊಂಡು ಬಂದಿದೆಯಲ್ಲ ಸಾರ್, ಇಳಿದುಹೋಗಿರತ್ತೆ" ಎಂದಳು ಪಾರ್ಲರ್ ಅಕ್ಕ, ಅನುಭವದ ಮಾತಿನಂತೆ.

ಪರೀಕ್ಷಕರು ಚಿಪ್ಪನ್ನು ಸುತ್ತಲೂ ತಿರುಗಿಸಿ ನೋಡಿ, ಏನನ್ನೋ ಹುಡುಕಿ ಸಿಗದವರಂತೆ ಅದನ್ನು ಮೆಟ್ಟಿಲ ಮೇಲಿಟ್ಟರು. ಕೈ ಮತ್ತೆ ಕುಂಡಕ್ಕೆ ಹೋಯಿತು.

"ತಡೀರಿ. ಇಲ್ಲೊಂದಿದೆ."

ಎರಡನೆಯ ಹದಿನೇಳು ಹಳದಿ ಬಣ್ಣದಲ್ಲಿತ್ತು. ಬಣ್ಣ ಇನ್ನೂ ಹಸಿಯಾಗಿದ್ದು ಪರೀಕ್ಷಕರ ಬೆರಳಿಗೆ ಅಂಟಿತು. ಕಟ್ಟಡದ ಮುಂದೆ ಗಾಡಿ ನಿಲ್ಲಿಸುವ ಜಾಗಕ್ಕೆ ಗೆರೆ ಎಳೆದದ್ದು ಅದೇ ಹಳದಿ. ಸೆಕ್ರೆಟರಿ ಕೆಮ್ಮಿದರು. ಮೂರನೆಯದು ಮಣ್ಣಿನ ಪಕ್ಕ ಮುದುರಿಕೊಂಡಿತ್ತು. ಬರೆದದ್ದು ತಪ್ಪು ತಿದ್ದುವ ವೈಟ್ನರ್‌ನಲ್ಲಿ. ಆ ಅಕ್ಷರ ಮೇಷ್ಟ್ರಿಗೆ ಗೊತ್ತಿತ್ತು. ದಿನಸಿ ಚೀಟಿಯಲ್ಲಿ ವರ್ಷಗಟ್ಟಲೆ ನೋಡಿದ ಮೂರು ಅದು. ಅವರು ಹೆಂಡತಿಯ ಕಡೆ ತಿರುಗಿದರು. ಅವಳು ನೆಲ ನೋಡುತ್ತಿದ್ದಳು. ಎರಡು ವರ್ಷ ಹುಳ ಹುಳ ಎಂದು ಹಂಗಿಸಿದವಳು, ಹುಳ ಕಂಡರೆ ಸೆರಗು ಎತ್ತಿಕೊಂಡು ಓಡುವವಳು, ಅದನ್ನು ಕೈಯಲ್ಲಿ ಹಿಡಿದು ನಂಬರ್ ಬರೆದಿದ್ದಳು. ಮೇಷ್ಟ್ರಿಗೆ ಕೋಪ ಬರಬೇಕಾಗಿತ್ತು, ಬರಲಿಲ್ಲ.

"ಮೂರು ಹದಿನೇಳು ಐವತ್ತೊಂದು" ಎಂದರು ಪರೀಕ್ಷಕರು, ಬೆರಳು ಒರೆಸಿಕೊಳ್ಳುತ್ತಾ. "ನೀವು ಗಣಿತದಲ್ಲಿ ಮಾಡಬೇಕಿತ್ತು ಎಂ.ಎಸ್ಸಿ."

"ಸಾರ್, ನಾನು ಬೇಡ ಅಂದಿದ್ದೆ..." ಎಂದು ಮೇಷ್ಟ್ರು ತೊದಲುತ್ತಿದ್ದಾಗ ಗೇಟಿನ ಸದ್ದಾಯಿತು.

ಪೋಸ್ಟ್‌ಮ್ಯಾನ್ ತಾತ. ಒಂದು ಕೈಯಲ್ಲಿ ಕೋಲು, ಒಂದು ಕೈಯಲ್ಲಿ ಗಂಟು ಕಟ್ಟಿದ ಕರವಸ್ತ್ರ. ಬಟ್ಟೆ ಸುತ್ತಿದ ಕಾಲನ್ನು ಎಳೆಯುತ್ತಾ, ಇನ್ನೂರು ಹೆಜ್ಜೆ ಹೋಗಿ ಇನ್ನೂರು ಹೆಜ್ಜೆ ಬರುವುದಕ್ಕೆ ಅವರು ಇಡೀ ಬೆಳಿಗ್ಗೆ ತೆಗೆದುಕೊಂಡಿದ್ದರು. ಬಸವನಹುಳುವೇ ಅವರನ್ನು ಹೊತ್ತು ತಂದಿದ್ದರೂ ಇಷ್ಟು ತಡವಾಗುತ್ತಿರಲಿಲ್ಲ.

"ಕ್ಷಮಿಸಿ ಮೇಷ್ಟ್ರೇ, ಈ ಸಲ ತಡವಾಯ್ತು" ಎಂದು ತಾತ ಕರವಸ್ತ್ರ ಬಿಚ್ಚಿದರು. ಒಳಗೆ ಹದಿನೇಳು ಕೂತಿತ್ತು. ಒಂದೂವರೆ ವರ್ಷದ ಹಿಂದೆ ಮೇಷ್ಟ್ರು ಬರೆದ, ಅಂಚು ಮಾಸಿದ, ನಿಜವಾದ ಹದಿನೇಳು. "ಬೆಂಚಿನ ಕೆಳಗೇ ಕೂತಿತ್ತು, ಪಾಪ. ಕಾಯ್ತಾ ಇತ್ತು ಅಂತ ಕಾಣತ್ತೆ."

ಪರೀಕ್ಷಕರು ನಿಧಾನವಾಗಿ ಎದ್ದು ನಿಂತರು. "ಈ ಸಲ ಅಂದ್ರೆ? ಬೇರೆ ಸಲಾನೂ ತಂದಿದ್ದೀರಾ?"

"ಒಂದು ವಾರಾನೂ ತಪ್ಪಿಸಿಲ್ಲ ಸ್ವಾಮಿ!" ತಾತನಿಗೆ ಅವಮಾನವಾದಂತಾಯಿತು. "ಮೂವತ್ತೆಂಟು ವರ್ಷ ಸರ್ವಿಸ್ ಮಾಡಿದ್ದೀನಿ. ವಿಳಾಸ ಇರೋ ವಸ್ತು ದಾರೀಲಿ ಬಿದ್ದಿದ್ರೆ ನನ್ನ ಕೈ ಸುಮ್ನಿರಲ್ಲ. ಭಾನುವಾರ ಬೆಳಗ್ಗೆ ವಾಕಿಂಗ್ ಹೋದ್ರೆ ಬೆಂಚಿನ ಕೆಳಗೆ ಐದೋ ಆರೋ ಇರ್ತವೆ. ಎಷ್ಟು ಅಚ್ಚುಕಟ್ಟಾಗಿ ಬರೆದಿದ್ದಾರೆ ನೋಡಿ, ಮೂರನೇ ಕುಂಡ, ಹದಿನೇಳನೇ ನಂಬರು. ಇಷ್ಟು ಚೆನ್ನಾಗಿ ವಿಳಾಸ ಬರೆಯೋರು ಈಗ ಯಾರಿದ್ದಾರೆ? ಒಂದನ್ನೂ ಬೇರೆ ಕುಂಡಕ್ಕೆ ಹಾಕಿಲ್ಲ, ಬೇಕಾದ್ರೆ ಮೇಷ್ಟ್ರನ್ನೇ ಕೇಳಿ."

ಮೇಷ್ಟ್ರು ಮೆಟ್ಟಿಲ ಮೇಲೆ ಕುಸಿದು ಕೂತರು. ನೂರ ಅರವತ್ತು ಪುಟ ಒಂದೊಂದೇ ಕಣ್ಣ ಮುಂದೆ ಹಾರಿಹೋದವು. ಲೋಳೆಯ ವಾಸನೆ ಹೋಯಿತು, ಮಣ್ಣಿನ ತೇವ ಹೋಯಿತು, ಬೀದಿದೀಪದ ಬೆಳಕು ಹೋಯಿತು. ಹೊಳೆಯಲ್ಲಿ ಹುಣಸೆಹಣ್ಣು ಕಿವುಚಿದ ಹಾಗಾಗಿತ್ತು.

"ಒಂದು ಮಾತು ಹೇಳಬಾರದಿತ್ತಾ ತಾತ?" ಎಂದರು, ಅಳುವ ಹಾಗೆ.

"ಕಾಗದ ಕೊಟ್ಟಮೇಲೆ ಕೊಟ್ಟೆ ಕೊಟ್ಟೆ ಅಂತ ಹೇಳ್ಕೊಂಡು ತಿರುಗ್ತಾರೇನಪ್ಪ?" ಎಂದರು ತಾತ.

ಪರೀಕ್ಷಕರು ಎಂಟೂ ಕುಂಡಗಳ ಹುಳಗಳನ್ನು ಒಂದೊಂದಾಗಿ ತಿರುವಿ ನೋಡಿ, ಭೂತಗನ್ನಡಿಯನ್ನು ಜೇಬಿಗೆ ಹಾಕಿಕೊಂಡರು. ಅವರ ಮುಖದಲ್ಲಿ ಕೋಪವಿರಲಿಲ್ಲ, ಅದೇ ಮೇಷ್ಟ್ರಿಗೆ ಹೆಚ್ಚು ಚುಚ್ಚಿತು. "ನೋಡಿ ಮೇಷ್ಟ್ರೇ, ಸುತ್ತಮುತ್ತ ಇರೋದನ್ನೆಲ್ಲ ಸೇರಿಸಿ ನೋಡಬೇಕು ಅನ್ನೋದೇ ನಮ್ಮ ಶಾಸ್ತ್ರ. ನೀವು ಗಾಳಿ ಅಳೆದ್ರಿ, ಮಣ್ಣು ಅಳೆದ್ರಿ, ಕೆ‍ಳಮನೆಯವರನ್ನ ಮಾತ್ರ ಬಿಟ್ರಿ. ಮತ್ತೆ ಮೊದಲಿಂದ ಮಾಡಿ. ಎರಡು ವರ್ಷ ಆಗತ್ತೆ."

"ನಾಲ್ಕು ದಿನದಲ್ಲಿ ಆಗಲ್ವಾ ಸಾರ್?" ಎಂದು ಮೇಷ್ಟ್ರು ಕೇಳಿಯೇ ಬಿಟ್ಟರು. ಆ ಪ್ರಶ್ನೆಗೆ ಯಾರೂ ನಗಲಿಲ್ಲ.

ಕಾರಿನ ಬಾಗಿಲು ತೆರೆದ ಪರೀಕ್ಷಕರು ಏನೋ ನೆನಪಾಗಿ ತಿರುಗಿದರು. "ನಿಮಗೆ ಹೇಳಿಬಿಡ್ತೀನಿ, ಇಲ್ದಿದ್ರೆ ಅನ್ಯಾಯ ಮಾಡಿದೆ ಅಂದ್ಕೋತೀರಿ. ನಂಬರಿದ್ದದ್ದನ್ನ ಯಾರು ಬೇಕಾದ್ರೂ ತಂದಿಡಬಹುದು ಅಂತ ನನಗೆ ಅವತ್ತೇ ಅನುಮಾನ ಇತ್ತು. ಅದಕ್ಕೆ ಹದಿನೇಳರ ಜೊತೆಗೆ ನಿಮ್ಮ ಮೂರನೇ ಕುಂಡದಿಂದಲೇ ನಂಬರಿಲ್ಲದ ಒಂದು ಎಳೇ ಹುಳ ತಗೊಂಡು, ಚಿಪ್ಪಿನ ಮೇಲೆ ಸೂಜೀಲಿ ಸಣ್ಣ ಕತ್ತರಿ ಗುರುತು ಗೀರಿ ಬಿಟ್ಟಿದ್ದೆ. ಯಾರಿಗೂ ಹೇಳಿರಲಿಲ್ಲ. ಅದೊಂದು ಇಲ್ಲಿ ಸಿಕ್ಕಿದ್ರೆ ಉಳಿದ ಹದಿನೇಳೆಲ್ಲ ಸುಳ್ಳಾಗಿದ್ರೂ ಪರವಾಗಿಲ್ಲ, ಇನ್ನೂರು ಹೆಜ್ಜೆ ನಿಜ ಅಂತ ಇವತ್ತೇ ಸಹಿ ಹಾಕ್ತಿದ್ದೆ. ಎಲ್ಲಾ ಕುಂಡ ನೋಡಿದೆ, ಎಲ್ಲಾ ಚಿಪ್ಪು ನೋಡಿದೆ. ಇಲ್ಲ."

ಕಾರು ಹೊರಟುಹೋಯಿತು. ಗೈಡ್ ಮೇಡಂ ಒಂದು ಸಲವೂ ತಿರುಗಿ ನೋಡಲಿಲ್ಲ.

ಸೆಕ್ರೆಟರಿ ಗೇಟಿನ ನೋಟೀಸನ್ನು ಕಿತ್ತು ಮಡಿಸಿ ಜೇಬಿಗಿಟ್ಟರು. ಹೆಂಡತಿ ಮೇಷ್ಟ್ರ ಪಕ್ಕದಲ್ಲಿ ಬಂದು ಕೂತು ಹರಿದ ಮೊಣಕಾಲಿನ ಮಣ್ಣು ಕೊಡವಿದಳು. "ನನಗೆ ನಿಮ್ಮ ಹಾಗೆ ಬರೆಯೋಕೆ ಬರಲಿಲ್ಲ" ಎಂದಳು.

"ಎಂಥ ಜನ ಅಂತೀನಿ" ಎಂದಳು ಪಾರ್ಲರ್ ಅಕ್ಕ. "ನಾನು ಎಷ್ಟು ನೀಟಾಗಿ ಮಾಡಿದ್ದೆ. ಒಂದು ಮಾತು ಚೆನ್ನಾಗಿದೆ ಅನ್ನಬಾರದಾ ಆ ಮನುಷ್ಯ? ಬೋಳು ಹುಳ ಒಂದು ತಾನಾಗೇ ಬಂದು ಮೂರನೇ ಕುಂಡದ ಅಂಚಲ್ಲಿ ಕೂತಿತ್ತು. ಯಾವನೋ ಕಿಡಿಗೇಡಿ ಅದರ ಬೆನ್ನ ಮೇಲೆ ಏನೋ ಗೀಚಿಬಿಟ್ಟಿದ್ದ. ಅದರ ಮೇಲೆ ಹಚ್ಚಿದ್ರೆ ಬಣ್ಣ ನಿಲ್ಲಲ್ಲ ಅಂತ ಉಗುರುಜ್ಜೋ ಫೈಲ್‌ನಲ್ಲಿ ಕಾಲು ಗಂಟೆ ಕೂತು ಉಜ್ಜಿ ಉಜ್ಜಿ ತೆಗ್ದೆ. ಮುಟ್ಟಿ ನೋಡಿ ಬೇಕಾದ್ರೆ, ಗಾಜಿದ್ದ ಹಾಗಿದೆ!"

ಮೇಷ್ಟ್ರು ತಲೆ ಎತ್ತಿದರು. ಎರಡು ಕ್ಷಣ ಅಕ್ಕನ ಬಾಯಿಯನ್ನೇ ನೋಡಿದರು. ಆಮೇಲೆ ಎದ್ದವರೇ ಬೀದಿಗೆ ಓಡಿದರು, ಹರಿದ ಪ್ಯಾಂಟಿನಲ್ಲಿ, ಬರಿಗಾಲಲ್ಲಿ. ಪಾರ್ಕಿನ ತಿರುವಿನ ತನಕ ಓಡಿದರು. ಕಾರಿರಲಿಲ್ಲ. ಅಲ್ಲೇ ನಿಂತು ಗೈಡ್ ಮೇಡಂಗೆ ಫೋನ್ ಮಾಡಿದರು.

"ಮೇಡಂ, ಬಂದಿತ್ತು ಮೇಡಂ! ಆ ಕತ್ತರಿ ಗುರುತಿನದು ತಾನಾಗೇ ಬಂದಿತ್ತು! ನಾನೇ ಎರಡು ಸಲ ಎತ್ತಿ ಆಚೆ ಹಾಕಿದೆ, ಎರಡು ಸಲಾನೂ ವಾಪಸ್ ಬಂತು! ಗುರುತು ಮಾತ್ರ ಪಾರ್ಲರ್ ಅಕ್ಕ ಉಜ್ಜಿಬಿಟ್ಟಿದ್ದಾರೆ..."

"ಸಾಕು ಮೇಷ್ಟ್ರೇ" ಎಂದರು ಗೈಡ್ ಮೇಡಂ, ದಣಿದ ಧ್ವನಿಯಲ್ಲಿ. "ಐದನೇ ಹದಿನೇಳು ಬೇಡ." ಫೋನ್ ಕಟ್ಟಾಯಿತು.

ಮೇಷ್ಟ್ರು ತಿರುಗಿ ಬಂದಾಗ ಮೆಟ್ಟಿಲ ಬಳಿ ಪೋಸ್ಟ್‌ಮ್ಯಾನ್ ತಾತ ಒಬ್ಬರೇ ಕಾಲು ಚಾಚಿಕೊಂಡು ಕೂತಿದ್ದರು. ಪರೀಕ್ಷಕರು ಮೆಟ್ಟಿಲ ಮೇಲೆ ಇಟ್ಟು ಹೋದ ಹುಳಗಳಲ್ಲಿ ಎರಡು ಇಟ್ಟ ಕಡೆಯೇ ಇದ್ದವು. ಎಳೆಯದು ಮಾತ್ರ ಇರಲಿಲ್ಲ. ಅದು ಮೆಟ್ಟಿಲಿಳಿದು, ನೆಲ ದಾಟಿ, ಬೆನ್ನ ಮೇಲೆ ಹೊಳೆಯುವ ಸುಳ್ಳು ನಂಬರ್ ಹೊತ್ತುಕೊಂಡು ಮೂರನೇ ಕುಂಡವನ್ನು ಹತ್ತುತ್ತಿತ್ತು. ಮೇಷ್ಟ್ರು ಅದನ್ನು ಎತ್ತಿ ಬೆರಳಿನಿಂದ ಚಿಪ್ಪನ್ನು ಸವರಿದರು. ಅಕ್ಕ ಹೇಳಿದ್ದು ನಿಜ. ಒಂದು ಗೀರೂ ಇರಲಿಲ್ಲ. ಇನ್ನೂರು ಹೆಜ್ಜೆಯನ್ನು ಯಾರ ಹಂಗೂ ಇಲ್ಲದೆ ನಡೆದು ಬಂದದ್ದಕ್ಕೆ ಅದರ ಹತ್ತಿರ ಉಳಿದಿದ್ದ ಕಾಗದಪತ್ರ ಆ ನುಣುಪೊಂದೇ. ಮೇಷ್ಟ್ರು ಅದನ್ನು ಅದರ ಕುಂಡದಲ್ಲೇ ಇಟ್ಟರು.

ತಾತನಿಗೆ ಮೇಷ್ಟ್ರನ್ನು ಹೇಗಾದರೂ ಸಮಾಧಾನ ಮಾಡಬೇಕೆನಿಸಿತು.

"ಬೇಜಾರು ಮಾಡ್ಕೋಬೇಡಿ ಮೇಷ್ಟ್ರೇ. ಮುಂದಿನ ಸಲ ಅದಕ್ಕೂ ನೀವೇ ಒಂದು ನಂಬರ್ ಬರೆದುಬಿಡಿ" ಎಂದರು. "ವಿಳಾಸ ಇಲ್ಲದ್ದನ್ನ ನಾನು ಮುಟ್ಟಲ್ಲ ನೋಡಿ. ಅದಕ್ಕೇ ಪಾಪ, ನಡ್ಕೊಂಡು ಬರಬೇಕಾಯ್ತು."